ಮಾನಿಟರಿನ ಸದ್ದು ಯಾರ ಕೈಯಲ್ಲಿ? ದಾವಣಗೆರೆಯ ಒಂದು ಮದುವೆ ವಿಡಿಯೋ ಸ್ಟುಡಿಯೋದ ಪ್ರಕರಣ

ದೂರು ಬಂದದ್ದು ಜಗಳೂರು ಕಡೆಯ ಒಂದು ಮದುವೆ ಮನೆಯಿಂದ. ಪೆನ್‌ಡ್ರೈವ್ ಟಿವಿಗೆ ಹಾಕಿದರೆ ಚಿತ್ರ ಚೆನ್ನಾಗಿದೆ, ಸದ್ದು ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಿಮೋಟಿನಲ್ಲಿ ಏರಿಸಿ ಏರಿಸಿ ಕೊನೆಗೆ ತಾಳಿ ಕಟ್ಟುವ ಹೊತ್ತಿನ ಮಂತ್ರ ಹೇಗೋ ಕೇಳುತ್ತಿತ್ತಂತೆ. ಆಮೇಲೆ ಮರೆತು ಚಾನೆಲ್ ಹಾಕಿದರೆ ಜಾಹೀರಾತು ಮನೆಯನ್ನೇ ಅಲುಗಾಡಿಸುತ್ತಿತ್ತು. "ಸೌಂಡೇ ತುಂಬಿಲ್ಲಲ್ರೀ" ಎಂದು ಅವರು ಪೆನ್‌ಡ್ರೈವ್ ವಾಪಸ್ ತಂದುಕೊಟ್ಟರು. ಅದಾದ ಮೇಲೆ ಹರಿಹರದ ಇನ್ನೊಂದು ಮನೆಯಿಂದಲೂ ಅದೇ ಮಾತು ಬಂತು.

ಸ್ಟುಡಿಯೋ ಇರುವುದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ರಾಮ್ ಅಂಡ್ ಕೋ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದ ಒಂದು ಮನೆಯ ಮಹಡಿ ಮೇಲೆ. ಮಾಲೀಕ ನನ್ನ ಗೆಳೆಯ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ಶೂಟ್ ಮಾಡುತ್ತಾನೆ, ರಾತ್ರಿ ಕೂತು ಎಡಿಟ್ ಮಾಡುತ್ತಾನೆ. ಪಕ್ಕದ ಕೋಣೆಯಲ್ಲೇ ಅವನ ತಾಯಿ ಮಲಗುತ್ತಾರೆ. ಟೇಬಲ್ ಮೇಲೆ 27 ಇಂಚಿನ ಒಂದೇ ಮಾನಿಟರ್. ಅದಕ್ಕೆ ಎರಡು ಕಂಪ್ಯೂಟರ್ ಸೇರಿಸಿದ್ದಾನೆ. ಎಡಿಟಿಂಗ್‌ಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಆ್ಯಪಲ್‌ನ ಎಂ1 ಚಿಪ್ ಇರುವ ಮ್ಯಾಕ್ ಮಿನಿ. ಆಲ್ಬಂ ಡಿಸೈನ್ ಮಾಡುವ ಹುಡುಗನಿಗೆ ಹಳೆಯ ವಿಂಡೋಸ್ ಪಿಸಿ. ಎರಡೂ ಎಚ್‌ಡಿಎಂಐ ಕೇಬಲ್‌ನಲ್ಲಿ. ಸ್ಪೀಕರ್ ಬೇರೆ ಇಲ್ಲ. ಮಾನಿಟರ್ ಒಳಗೇ 2 ವ್ಯಾಟ್‌ನ ಎರಡು ಪುಟ್ಟ ಸ್ಪೀಕರ್ ಇವೆ, ಟೇಬಲ್ ಮೇಲೆ ಜಾಗ ಉಳಿಯುತ್ತದೆ ಎಂದೇ ಅದನ್ನು ಆರಿಸಿದ್ದು.

ಟಿವಿಯಲ್ಲಿ ಸದ್ದು ಕಡಿಮೆ ಬರಲಿಕ್ಕೂ ಈ ಮಾನಿಟರ್‌ಗೂ ಏನು ಸಂಬಂಧ ಅಂತ ಮೊದಲು ಅವನಿಗೂ ಹೊಳೆದಿರಲಿಲ್ಲ. ಎಡಿಟ್ ಮಾಡಿದ ಫೈಲನ್ನೇ ತೆರೆದು ನೋಡಿದಾಗ ವಿಷಯ ಗೊತ್ತಾಯಿತು. ಅವನು ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಇಡೀ ವಿಡಿಯೋದ ಸದ್ದು ಕೊನೆಗೆ ಹಾದುಹೋಗುವ ಮುಖ್ಯ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಸ್ಲೈಡರ್, ಒಂದಿರುತ್ತದೆ. ಅದು ಮೈನಸ್ 14 ಡೆಸಿಬೆಲ್‌ಗೆ ಇಳಿದು ಕೂತಿತ್ತು. ಮೈನಸ್ 14 ಅಂದರೆ ಸದ್ದಿನ ಅಲೆಯ ಎತ್ತರ ಸುಮಾರು ಐದನೇ ಒಂದು ಭಾಗಕ್ಕೆ ಬಂದಹಾಗೆ. ಇಳಿಸಿದ್ದು ಅವನೇ, ಬೇಕಂತಲೇ. ಯಾಕೆ ಅಂದರೆ ಮ್ಯಾಕ್‌ನಲ್ಲಿ ವಾಲ್ಯೂಮ್ ಕೀ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಸ್ಪೀಕರ್ ಚಿತ್ರದ ಜೊತೆ ಅಡ್ಡಗೆರೆಯ ವೃತ್ತ ಬಂದು ಮಾಯವಾಗುತ್ತಿತ್ತು, ಅಷ್ಟೆ. ಮಾನಿಟರಿನ ಹಿಂದೆ ಕೈ ಹಾಕಿ, ಕಾಣದ ಒಂದು ಪುಟ್ಟ ಜಾಯ್‌ಸ್ಟಿಕ್ ಒತ್ತಿ, ಮೆನು ತೆರೆದು, ಆಡಿಯೋಗೆ ಹೋಗಿ, ವಾಲ್ಯೂಮ್ ಹುಡುಕಿ ಇಳಿಸಬೇಕು. ರಾತ್ರಿ 1 ಗಂಟೆಗೆ ಓಲಗದ ಕ್ಲಿಪ್ ಒಮ್ಮೆಲೇ ಶುರುವಾದಾಗ ಅಷ್ಟೆಲ್ಲ ಯಾರು ಮಾಡುತ್ತಾರೆ? ಕೈಗೆ ಹತ್ತಿರ ಇದ್ದದ್ದು ಆ ಫೇಡರ್. ಇಳಿಸಿದ. ಬೆಳಿಗ್ಗೆ ಎಕ್ಸ್‌ಪೋರ್ಟ್ ಮಾಡುವಾಗ ಅದನ್ನು ಏರಿಸಬೇಕು ಅನ್ನುವುದು ನೆನಪಾಗಲಿಲ್ಲ.

ಹಾಗಾಗಿ ಇದು ಎಡಿಟಿಂಗ್ ತಪ್ಪು ಅಂತ ಬರೆದು ಮುಗಿಸಬಹುದಿತ್ತು. ರಿಸಾಲ್ವ್‌ನಲ್ಲಿ ಕೇಳಿಸಿಕೊಳ್ಳಲಿಕ್ಕೆಂದೇ ಬೇರೆ ಒಂದು ಸ್ಲೈಡರ್ ಇದೆ, ಪಕ್ಕದಲ್ಲೇ ಸದ್ದು ನಿಲ್ಲಿಸುವ ಮ್ಯೂಟ್ ಮತ್ತು ಸದ್ದು ತಗ್ಗಿಸುವ ಡಿಮ್ ಗುಂಡಿಗಳೂ ಇವೆ. ಅವುಗಳಿಂದ ಎಕ್ಸ್‌ಪೋರ್ಟ್‌ಗೆ ಏನೂ ಆಗಲ್ಲ. "ಅದನ್ನೇ ಬಳಸು" ಎಂದೆ. ಬಳಸಿದ ಕೂಡ. ಆದರೆ ಅದು ರಿಸಾಲ್ವ್ ಒಳಗಿನ ಸದ್ದಿಗೆ ಮಾತ್ರ. ಬ್ರೌಸರ್‌ನಲ್ಲಿ ಹಾಡು ಹುಡುಕುವಾಗ, ಗಿರಾಕಿ ಕಳಿಸಿದ ವಾಟ್ಸಾಪ್ ಕ್ಲಿಪ್ ತೆರೆದಾಗ, ಎಕ್ಸ್‌ಪೋರ್ಟ್ ಆದ ಫೈಲನ್ನು ಪ್ಲೇಯರ್‌ನಲ್ಲಿ ಪರೀಕ್ಷಿಸುವಾಗ ಮತ್ತೆ ಮಾನಿಟರ್ ಕಿರುಚುತ್ತದೆ. ಫೋನ್ ಬಂದ ಕೂಡಲೇ ಸದ್ದು ನಿಲ್ಲಿಸಲಿಕ್ಕೆ ಒಂದು ಕೀ ಬೇಕು ಎನ್ನುವುದು ಸಣ್ಣ ಬೇಡಿಕೆ ಅಲ್ವಾ? ಮದುವೆ ಸೀಸನ್‌ನಲ್ಲಿ ಅವನಿಗೆ ಫೋನ್ ಬರದ ಗಂಟೆಯೇ ಇರಲ್ಲ.

ಅವನ ಮೊದಲ ಅನುಮಾನ ಮಾನಿಟರ್ ಮೇಲೆ. ಆದರೆ ಅದೇ ಮಾನಿಟರ್, ಅದೇ ಸ್ಪೀಕರ್, ವಿಂಡೋಸ್ ಪಿಸಿಗೆ ಬದಲಿಸಿದರೆ ಕೀಬೋರ್ಡಿನ ವಾಲ್ಯೂಮ್ ಕೀ ಸರಿಯಾಗಿ ಕೆಲಸ ಮಾಡುತ್ತಿತ್ತು. ಹಾಗಾದರೆ ಮ್ಯಾಕ್ ಕೆಟ್ಟಿದೆಯಾ? ಸೆಕೆಂಡ್ ಹ್ಯಾಂಡ್ ಬೇರೆ, ಮಾರಿದವನಿಗೆ ಬೈಯಲು ಶುರು ಮಾಡಿದ್ದ. ಅದೂ ಅಲ್ಲ. ಮ್ಯಾಕ್‌ನ ಸೌಂಡ್ ಸೆಟ್ಟಿಂಗ್ಸ್ ತೆರೆದರೆ ಔಟ್‌ಪುಟ್ ಪಟ್ಟಿಯಲ್ಲಿ ಮಾನಿಟರಿನ ಹೆಸರು ಬರುತ್ತದೆ, ಕೆಳಗೆ ಸ್ಲೈಡರ್ ಮಾತ್ರ ಮಂಕಾಗಿರುತ್ತದೆ. ಈ ಸಾಧನಕ್ಕೆ ಔಟ್‌ಪುಟ್ ನಿಯಂತ್ರಣ ಇಲ್ಲ ಎಂಬ ಸಾಲು ಕಾಣುತ್ತದೆ. ಅದು ದೋಷವಲ್ಲ, ಮ್ಯಾಕ್ ಹಾಗೇ ಯೋಚಿಸುತ್ತದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಲ್ಲ ಗೊಂದಲ ಇರುವುದು ಇಲ್ಲೇ. ಎಚ್‌ಡಿಎಂಐ ಆಗಲಿ, ಅದರಂತೆಯೇ ಚಿತ್ರ, ಸದ್ದು ಒಯ್ಯುವ ಡಿಸ್‌ಪ್ಲೇಪೋರ್ಟ್ ಆಗಲಿ, ಕೇಬಲ್ ಒಳಗೆ ಹೋಗುವುದು ಸದ್ದಿನ ಅಂಕಿಗಳು. ಸೆಕೆಂಡಿಗೆ ಸಾಮಾನ್ಯವಾಗಿ 48,000 ಮಾದರಿ, ಅಂದರೆ ಅಲೆಯ ಎತ್ತರದ ಅಳತೆ, ಎಡ ಬಲ ಎರಡಕ್ಕೂ. ಅವು ಮಾನಿಟರ್ ಒಳಗೆ ಹೋಗಿ ಅಲ್ಲಿ ವಿದ್ಯುತ್ ಅಲೆಯಾಗಿ, ಅಲ್ಲಿನ ಪುಟ್ಟ ಆಂಪ್ಲಿಫೈಯರ್‌ನಲ್ಲಿ ದೊಡ್ಡದಾಗಿ ಸ್ಪೀಕರ್‌ಗೆ ತಲುಪುತ್ತವೆ. ಅಂದರೆ ದಾರಿಯಲ್ಲಿ ಎರಡು ಕಡೆ ತಿರುಪು ಇಡಬಹುದು. ಟ್ಯಾಂಕಿನ ಹತ್ತಿರ ಒಂದು ಗೇಟ್ ವಾಲ್ವ್, ಅಡುಗೆಮನೆಯಲ್ಲಿ ಒಂದು ನಲ್ಲಿ ಇದ್ದ ಹಾಗೆ. ಕಂಪ್ಯೂಟರ್ ಒಳಗೆ ಅಂಕಿಗಳನ್ನೇ ಚಿಕ್ಕದು ಮಾಡಿ ಕಳಿಸುವುದು ಒಂದು ದಾರಿ. ಅಂಕಿಗಳನ್ನು ಮುಟ್ಟದೆ ಪೂರ್ತಿ ಕಳಿಸಿ, ಮಾನಿಟರಿನ ಆಂಪ್ಲಿಫೈಯರ್‌ನಲ್ಲಿ ಇಳಿಸುವುದು ಇನ್ನೊಂದು.

ವಿಂಡೋಸ್ ಮೊದಲನೆಯದನ್ನು ಮಾಡುತ್ತದೆ. ವಿಸ್ಟಾ ಆವೃತ್ತಿಯ ಕಾಲದಿಂದ ಅದರ ಆಡಿಯೋ ಎಂಜಿನ್ ಎಲ್ಲ ಆ್ಯಪ್‌ಗಳ ಸದ್ದನ್ನು ಕಲೆಸಿ, ಬೇಕಾದಷ್ಟು ಇಳಿಸಿ ಕೇಬಲ್‌ಗೆ ಕೊಡುತ್ತದೆ. ಲಿನಕ್ಸ್‌ನಲ್ಲಿ ಸದ್ದು ನೋಡಿಕೊಳ್ಳುವ ಪೈಪ್‌ವೈರ್, ಪಲ್ಸ್‌ಆಡಿಯೋ ಕೂಡ ಹೀಗೇ. ಅವರ ಪ್ರಕಾರ ಕೊನೆಯಲ್ಲಿ ಮಾನಿಟರ್ ಇರಲಿ, ಏನೇ ಇರಲಿ, ಕೀ ಒತ್ತಿದರೆ ಸದ್ದು ಇಳಿಯಬೇಕು. ಮ್ಯಾಕ್ ಹಾಗಲ್ಲ. ಸಾಧನದ ಡ್ರೈವರ್ "ನನ್ನಲ್ಲಿ ವಾಲ್ಯೂಮ್ ತಿರುಪು ಇದೆ" ಎಂದರೆ ಮಾತ್ರ ಸ್ಲೈಡರ್ ಜೀವಂತ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಸಾಧನಗಳು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಡಿಜಿಟಲ್ ಸದ್ದನ್ನು ಇದ್ದದ್ದು ಇದ್ದ ಹಾಗೆ ತಲುಪಿಸಬೇಕು, ಏರಿಸುವುದು ಇಳಿಸುವುದು ಪಡೆದವರ ಕೆಲಸ ಎನ್ನುವುದು ಅದರ ಹಿಂದಿನ ಲೆಕ್ಕ. ಹೋಂ ಥಿಯೇಟರ್‌ಗೆ ಇದು ಸರಿಯೇ. ಡಾಲ್ಬಿಯಂಥ ಸಂಕುಚಿತ ಸದ್ದು ಹೋಗುತ್ತಿರುವಾಗ ಅಂಕಿಗಳನ್ನು ಗುಣಿಸಿ ಭಾಗಿಸಿದರೆ ಉಳಿಯುವುದು ಬರೀ ಗರಗರ. ಆದರೆ 2 ವ್ಯಾಟ್ ಸ್ಪೀಕರಿನ ಮಾನಿಟರ್ ಮುಂದೆ ಕೂತವನಿಗೆ ಈ ಶಾಸ್ತ್ರ ಕಟ್ಟಿಕೊಂಡು ಏನಾಗಬೇಕು?

ಟಿವಿಗೆ ಹಾಕಿದಾಗ ಒಂದೇ ರಿಮೋಟಿನಲ್ಲಿ ಎಲ್ಲ ನಡೆಯುತ್ತಲ್ಲ, ಮಾನಿಟರ್‌ಗೆ ಯಾಕಿಲ್ಲ ಅಂತ ಗೆಳೆಯ ಕೇಳಿದ. ಟಿವಿಗಳ ಎಚ್‌ಡಿಎಂಐನಲ್ಲಿ ಸಿಇಸಿ ಅನ್ನುವ ಒಂದು ತಂತಿ ಕೆಲಸ ಮಾಡುತ್ತದೆ, 13ನೇ ಪಿನ್. ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಟಿವಿ ಒಂದಕ್ಕೊಂದು ಮಾತಾಡಿಕೊಳ್ಳುವುದು ಅದರ ಮೇಲೆ. ಕಂಪ್ಯೂಟರ್ ಗ್ರಾಫಿಕ್ಸ್ ಕಾರ್ಡ್‌ಗಳು ಹೆಚ್ಚಾಗಿ ಅದನ್ನು ಮುಟ್ಟುವುದೇ ಇಲ್ಲ, ಮಾನಿಟರ್‌ಗಳೂ ಅಷ್ಟೆ. ಮಾನಿಟರ್ ಲೋಕದಲ್ಲಿ ಬೇರೊಂದು ಹಳೆಯ ಪದ್ಧತಿ ಇದೆ: ಡಿಡಿಸಿ/ಸಿಐ. ಮಾನಿಟರ್‌ಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಅದನ್ನು ಮೊದಲು ಹೊರತಂದದ್ದು 1998ರಲ್ಲಿ, ಎಚ್‌ಡಿಎಂಐ ಹುಟ್ಟುವುದಕ್ಕೂ ಮೊದಲು. ದಪ್ಪ ಬೆನ್ನಿನ ಸಿಆರ್‌ಟಿ ಮಾನಿಟರ್‌ಗಳ ಬೆಳಕು, ಕಾಂಟ್ರಾಸ್ಟ್ ಬದಲಿಸಲು ಮಾಡಿದ್ದು. ಕಂಪ್ಯೂಟರ್ "ನೀನು ಯಾರು, ನಿನ್ನ ಅಳತೆ ಏನು" ಎಂದು ಮಾನಿಟರ್‌ನ್ನು ಕೇಳುವ ತಂತಿ ಜೋಡಿ ಇದೆಯಲ್ಲ, ಎಚ್‌ಡಿಎಂಐನಲ್ಲಿ 15 ಮತ್ತು 16ನೇ ಪಿನ್, ಅದರ ಮೇಲೇ ಈ ಆಜ್ಞೆಗಳೂ ಹೋಗುತ್ತವೆ. ಪ್ರತಿ ಆಜ್ಞೆಗೆ ಒಂದು ಸಂಖ್ಯೆ, ಹದಿನಾರರ ಎಣಿಕೆಯಲ್ಲಿ. ಬೆಳಕಿಗೆ 10, ಕಾಂಟ್ರಾಸ್ಟ್‌ಗೆ 12, ಇನ್‌ಪುಟ್ ಬದಲಿಸಲು 60. ಸ್ಪೀಕರ್ ವಾಲ್ಯೂಮ್‌ಗೆ 62. ಮ್ಯೂಟ್‌ಗೆ 8ಡಿ.

ಗೆಳೆಯನಿಗೆ ಬೇಕಿದ್ದದ್ದು ಈ 62. ಮಾನಿಟರಿನ ಹಿಂದೆ ಕೈ ಹಾಕಿ ತಿರುಗಿಸುತ್ತಿದ್ದ ಅದೇ ತಿರುಪನ್ನು ಕೀಬೋರ್ಡ್‌ನಿಂದ ತಿರುಗಿಸುವುದು. ಮ್ಯಾಕ್‌ಗೆ ಇದಕ್ಕಾಗಿ ಮಾನಿಟರ್‌ಕಂಟ್ರೋಲ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹಾಕಿದೆವು. ಅದು ಕೀಬೋರ್ಡಿನ ಕೀಗಳನ್ನು ಹಿಡಿಯಲು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ, ಕೊಟ್ಟೆವು. ಕೀ ಒತ್ತಿದರೆ ವಾಲ್ಯೂಮ್ ಪಟ್ಟಿ ತೆರೆಯ ಮೇಲೆ ಚೆಂದವಾಗಿ ಇಳಿಯಿತು. ಸದ್ದು ಮಾತ್ರ ಇದ್ದಲ್ಲೇ ಇತ್ತು.

ಇಲ್ಲಿಂದ ಪತ್ತೇದಾರಿ ಕೆಲಸ. ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ ಎಂಬ ಆಯ್ಕೆ ಇರುತ್ತದೆ, ಅದು ಆಫ್ ಆಗಿತ್ತು. ಆನ್ ಮಾಡಿದೆವು. ಮ್ಯಾಕ್‌ನಲ್ಲಿ ಏನೂ ಬದಲಾಗಲಿಲ್ಲ. ಸುಮ್ನೆ ಊಹೆ ಮಾಡುವುದಕ್ಕಿಂತ ಮಾನಿಟರ್‌ನ್ನೇ ಕೇಳೋಣ ಅಂತ ವಿಂಡೋಸ್ ಪಿಸಿಗೆ ಹೋದೆವು. ಅಲ್ಲಿ ನಿರ್‌ಸಾಫ್ಟ್‌ನ ಕಂಟ್ರೋಲ್‌ಮೈಮಾನಿಟರ್ ಎಂಬ ಪುಟ್ಟ ಪ್ರೋಗ್ರಾಂ ಇದೆ, ಇನ್‌ಸ್ಟಾಲ್ ಕೂಡ ಬೇಡ. ತೆರೆದರೆ ಮಾನಿಟರ್ ಒಪ್ಪುವ ಎಲ್ಲ ಸಂಖ್ಯೆಗಳ ಪಟ್ಟಿ ಕೊಡುತ್ತದೆ. 62ರ ಸಾಲು ಇತ್ತು, ಗರಿಷ್ಠ 100. ಅಲ್ಲಿ 20 ಎಂದು ಬರೆದರೆ ಸದ್ದು ಕೂಡಲೇ ಇಳಿಯಿತು. ಮಾನಿಟರ್ ನಿರಪರಾಧಿ. 62 ಅದಕ್ಕೆ ಗೊತ್ತು, ಕೇಳುತ್ತದೆ, ಪಾಲಿಸುತ್ತದೆ. (8ಡಿ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಬಹಳ ಮಾನಿಟರ್‌ಗಳು ಅದನ್ನು ಬಿಟ್ಟಿರುತ್ತವೆ. ಹಾಗಿದ್ದಾಗ ಮ್ಯೂಟ್ ಅಂದರೆ ವಾಲ್ಯೂಮ್‌ನ್ನು ಸೊನ್ನೆಗೆ ತರುವುದು, ಅಷ್ಟೇ.)

ಅಲ್ಲಿಗೆ ಉಳಿದದ್ದು ಮ್ಯಾಕ್‌ನಿಂದ ಮಾನಿಟರ್‌ಗೆ ಹೋಗುವ ದಾರಿ. ಕೇಬಲ್ ಅದಲು ಬದಲು ಮಾಡಿದರೂ ಫಲ ಅದೇ. ಉತ್ತರ ಮಾನಿಟರ್‌ಕಂಟ್ರೋಲ್‌ನ ಸೂಚನೆಗಳಲ್ಲೇ ಬರೆದಿತ್ತು, ಯಾರು ಓದುತ್ತಾರೆ ಹೇಳಿ! ಎಂ1 ಮ್ಯಾಕ್‌ಗಳ ಎಚ್‌ಡಿಎಂಐ ಕಿಂಡಿಯ ಮೂಲಕ ಅದು ಈ ಆಜ್ಞೆ ಕಳಿಸಲಾರದು. ಎಂ1 ಮಿನಿ ಒಳಗೆ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಒಂದು ಚಿಪ್ ಇದೆ. ಚಿತ್ರ, ಸದ್ದು ಅದರ ಮೂಲಕ ಹಾಯಾಗಿ ಹೋಗುತ್ತವೆ. ಡಿಡಿಸಿ ಆಜ್ಞೆ ಅಲ್ಲೇ ನಿಲ್ಲುತ್ತದೆ. ಹಿಂದೆ ಇರುವ, ಯುಎಸ್‌ಬಿ-ಸಿ ಆಕಾರದ ಎರಡು ಥಂಡರ್‌ಬೋಲ್ಟ್ ಕಿಂಡಿಗಳಿಗೆ ಈ ತೊಡಕಿಲ್ಲ. ಚಿತ್ರ ಬರುತ್ತಿದೆ, ಸದ್ದು ಬರುತ್ತಿದೆ ಅಂದರೆ ಕೇಬಲ್, ಕಿಂಡಿ ಎಲ್ಲ ಸರಿ ಇರಲೇಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಮೂರನೆಯ ಒಂದು ಸಂಗತಿಯೂ ಆ ದಾರಿಯಲ್ಲಿ ಹೋಗಬೇಕು ಅನ್ನುವುದು ತಲೆಗೇ ಬರಲ್ಲ.

ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಪೇಟೆಯಲ್ಲಿ ಕೇಳಿದರೆ ಎಲ್ಲರೂ ಯುಎಸ್‌ಬಿ-ಸಿ ಟು ಎಚ್‌ಡಿಎಂಐ ಕೈಗಿಟ್ಟರು. ಬೇಡ ಎಂದು ಆನ್‌ಲೈನ್‌ನಲ್ಲಿ ತರಿಸಿದೆವು. ನಡುವೆ ಬದಲಿಸುವ ಚಿಪ್ ಬಂದಷ್ಟೂ ಆಜ್ಞೆ ಕಳೆದುಹೋಗುವ ಸಾಧ್ಯತೆ ಜಾಸ್ತಿ. ಕಡಿಮೆ ಬೆಲೆಯ ಡಾಕ್‌ಗಳು (ಒಂದು ಕಿಂಡಿಯನ್ನು ಹಲವಾಗಿಸುವ ಪೆಟ್ಟಿಗೆಗಳು), ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್‌ಗಳಲ್ಲಿ ಇದು ಮಾಮೂಲಿ. ಡಿಸ್‌ಪ್ಲೇಪೋರ್ಟ್‌ನಲ್ಲಿ ಈ ಮಾತುಕತೆ ಆಕ್ಸ್ ಎಂಬ ಬೇರೆ ಜೋಡಿ ತಂತಿಯ ಮೇಲೆ ನಡೆಯುತ್ತದೆ. ಹೊಸ ಕೇಬಲ್ ಹಾಕಿ, ಮಾನಿಟರ್ ಇನ್‌ಪುಟ್ ಬದಲಿಸಿ, ಸೌಂಡ್ ಔಟ್‌ಪುಟ್‌ನಲ್ಲಿ ಮಾನಿಟರ್‌ನ್ನು ಮತ್ತೆ ಆರಿಸಿದೆವು. ಕೀ ಒತ್ತಿದರೆ ಪಟ್ಟಿಯೂ ಇಳಿಯಿತು, ಸದ್ದೂ ಇಳಿಯಿತು.

ಬೇರೆ ದಾರಿಗಳನ್ನು ನೋಡಲಿಲ್ಲ ಅಂತಲ್ಲ. ಮ್ಯಾಕ್ ಮಿನಿಯ 3.5 ಎಂಎಂ ಕಿಂಡಿಗೆ ಸಣ್ಣ ಸ್ಪೀಕರ್ ಹಾಕಿದರೆ ಕೀ ತಾನಾಗೇ ಕೆಲಸ ಮಾಡುತ್ತದೆ, ಅಲ್ಲಿ ತಿರುಪು ಮ್ಯಾಕ್ ಕೈಯಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಇದೇ ಒಳ್ಳೆಯದು, ಸದ್ದಿನ ಗುಣವೂ ಮೇಲು. ಅವನು ಒಪ್ಪಲಿಲ್ಲ, ಟೇಬಲ್ ಮೇಲೆ ಜಾಗ ಇಲ್ಲ ಎಂದ. ಸೌಂಡ್‌ಸೋರ್ಸ್, ಇಕ್ಯೂಮ್ಯಾಕ್ ಥರದ ಆ್ಯಪ್‌ಗಳು ವಿಂಡೋಸ್ ಮಾಡುವ ಕೆಲಸವನ್ನೇ ಮ್ಯಾಕ್‌ನಲ್ಲಿ ಮಾಡುತ್ತವೆ, ಅಂಕಿಗಳನ್ನೇ ಚಿಕ್ಕದು ಮಾಡುತ್ತವೆ. ಅವು ಯಾವ ಕೇಬಲ್‌ನಲ್ಲೂ ನಡೆಯುತ್ತವೆ. ಎಡಿಟಿಂಗ್ ಮಾಡುವವನ ಸದ್ದಿನ ದಾರಿಯಲ್ಲಿ ಇನ್ನೊಂದು ಆ್ಯಪ್ ಕೂರಿಸುವುದು ನನಗೆ ಇಷ್ಟವಾಗಲಿಲ್ಲ. ಆಗಲೇ ಒಂದು ಫೇಡರ್ ಮರೆತು ಎರಡು ಮನೆಯವರ ಮುಂದೆ ತಲೆ ತಗ್ಗಿಸಿ ಆಗಿದೆ. ಇಳಿಸುವ ಜಾಗಗಳು ಹೆಚ್ಚಾದಷ್ಟೂ ಮರೆಯುವ ಜಾಗಗಳೂ ಹೆಚ್ಚು. ಅಂಕಿ ಇಳಿಸಿದರೆ ಸದ್ದಿನ ಗುಣ ಕೆಡುತ್ತದೆ ಎನ್ನುವ ವಾದವನ್ನು ಮಾತ್ರ ನಾನು ತಲೆಗೆ ಹಚ್ಚಿಕೊಳ್ಳಲ್ಲ. ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಇಳಿಸಿದರೆ ಹೋಗುವುದು ಒಂದು ಬಿಟ್. ಪ್ರತಿ ಮಾದರಿಗೆ 24 ಬಿಟ್ ಇರುವಾಗ ಈ ಪುಟ್ಟ ಸ್ಪೀಕರ್‌ನಲ್ಲಿ ಅದು ಯಾರ ಕಿವಿಗೂ ಗೊತ್ತಾಗಲ್ಲ.

ಹೊಸ ಏರ್ಪಾಡಿಗೆ ತನ್ನದೇ ಚಾಳಿಗಳಿವೆ. ಡಿಡಿಸಿ ನಿಧಾನದ ಮಾತುಕತೆ. ಒಂದು ಆಜ್ಞೆ ಕಳಿಸಿದ ಮೇಲೆ 50 ಮಿಲಿಸೆಕೆಂಡ್ ಕಾಯಬೇಕು ಎಂಬುದು ನಿಯಮದಲ್ಲೇ ಇದೆ. ಕೀ ಒತ್ತಿ ಹಿಡಿದರೆ ಸದ್ದು ನುಣುಪಾಗಿ ಜಾರದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅವನಿಗೆ ಅದು ಒಂದೇ ದಿನದಲ್ಲಿ ರೂಢಿಯಾಯಿತು.

ನಾನು ಎಣಿಸದೇ ಇದ್ದ ತಕರಾರು ಆಲ್ಬಂ ಹುಡುಗನಿಂದ ಬಂತು. ಅವನು ಕೆಲಸದ ಜೊತೆ ಹಾಡು ಕೇಳುತ್ತಾನೆ. ವಿಂಡೋಸ್‌ನಲ್ಲಿ 30 ಇಟ್ಟರೆ ಅವನಿಗೆ ಸರಿಹೋಗುತ್ತಿತ್ತು, ಯಾಕೆಂದರೆ ಮಾನಿಟರ್ ಸದಾ ಒಂದೇ ಮಟ್ಟದಲ್ಲಿ ಇರುತ್ತಿತ್ತು. ಈಗ ರಾತ್ರಿ ಗೆಳೆಯ ಮಾನಿಟರ್‌ನ್ನು 5ಕ್ಕೆ ಇಳಿಸಿ ಮಲಗುತ್ತಾನೆ. ಬೆಳಿಗ್ಗೆ ಹುಡುಗ ಬಂದು ಇನ್‌ಪುಟ್ ಬದಲಿಸಿದರೆ ಹಾಡು ಕೇಳಿಸಲ್ಲ. ವಿಂಡೋಸ್‌ನಲ್ಲಿ 100ಕ್ಕೆ ಏರಿಸುತ್ತಾನೆ. ಮಧ್ಯಾಹ್ನ ಗೆಳೆಯ ಮ್ಯಾಕ್‌ಗೆ ತಿರುಗಿಸಿ ಗಿರಾಕಿಗೆ ವಿಡಿಯೋ ತೋರಿಸಲು ಮಾನಿಟರ್‌ನ್ನು 70ಕ್ಕೆ ತರುತ್ತಾನೆ. ಮತ್ತೆ ಹುಡುಗ ತನ್ನ ಪಿಸಿಗೆ ಬಂದಾಗ ಹಾಡು ರಾಮ್ ಅಂಡ್ ಕೋ ಸರ್ಕಲ್‌ಗೆ ಕೇಳಿಸುತ್ತದೆ. ತಿರುಪು ಒಂದು, ಕೈ ಎರಡು. ಮೊದಲು ಇಬ್ಬರಿಗೂ ತಮ್ಮ ತಮ್ಮ ಜಾಗದಲ್ಲಿ ತಿರುಗಿಸುವ ಅಭ್ಯಾಸ ಇತ್ತು, ಈಗ ಒಬ್ಬ ತಿರುಗಿಸಿದ್ದು ಇನ್ನೊಬ್ಬನಿಗೆ ತಾಗುತ್ತಿತ್ತು.

ಕೆಲವು ಮಾನಿಟರ್‌ಗಳು ಪ್ರತಿ ಇನ್‌ಪುಟ್‌ಗೂ ಬೇರೆ ವಾಲ್ಯೂಮ್ ನೆನಪಿಡುತ್ತವೆ. ಇದು ಅಂಥದ್ದಲ್ಲ. ಕಂಟ್ರೋಲ್‌ಮೈಮಾನಿಟರ್‌ಗೆ ಕಮಾಂಡ್ ಬರೆದು ಕೆಲಸ ಹೇಳಬಹುದು. ಹಾಗಾಗಿ ಹುಡುಗನ ಡೆಸ್ಕ್‌ಟಾಪ್ ಮೇಲೆ ಒಂದು ಶಾರ್ಟ್‌ಕಟ್ ಮಾಡಿ, 62ನ್ನು 40ಕ್ಕೆ ತರುವ ಕಮಾಂಡ್ ಹಾಕಿ, ಒಂದು ಕೀ ಜೋಡಿಗೆ ಕಟ್ಟಿಕೊಟ್ಟೆವು. ಇನ್‌ಪುಟ್ ಬದಲಿಸಿದ ಮೇಲೆ ಅದನ್ನು ಒತ್ತಬೇಕು, ಮೊದಲು ಒತ್ತಿದರೆ ನಡೆಯಲ್ಲ. ಈ ಮಾನಿಟರ್ ಈಗ ಚಿತ್ರ ತೋರಿಸುತ್ತಿರುವ ಕಂಪ್ಯೂಟರಿನ ಮಾತನ್ನು ಮಾತ್ರ ಕೇಳುತ್ತದೆ. ಅಲ್ಲಿಂದ ಮುಂದೆ ಅವನು ವಿಂಡೋಸ್‌ನ ವಾಲ್ಯೂಮ್ ಬಳಸುತ್ತಾನೆ. 40 ಯಾಕೆ ಅಂದರೆ, ಮಾನಿಟರ್ 100ರಲ್ಲಿದ್ದಾಗ ಹಾಡು ಇಲ್ಲದ ಹೊತ್ತಿನಲ್ಲೂ ಸಣ್ಣ ಸುಯ್ ಸದ್ದು ಬರುತ್ತಿತ್ತು, ವಿಂಡೋಸ್‌ನಲ್ಲಿ ಒಂದು ಹೆಜ್ಜೆ ಏರಿಸಿದರೂ ಜಾಸ್ತಿ ಅನಿಸುತ್ತಿತ್ತು. 40ರಲ್ಲಿ ಎರಡೂ ಇಲ್ಲ.

ಅದೇ 40ನ್ನು ಮ್ಯಾಕ್ ಕಡೆಗೂ ಗುರುತಾಗಿ ಇಟ್ಟುಕೊಂಡೆವು. ಸದ್ದಿನ ಮಟ್ಟ ತೀರ್ಮಾನಿಸುವಾಗ ಮಾನಿಟರ್ 40ರಲ್ಲೇ ಇರಬೇಕು, ಮುಖ್ಯ ಫೇಡರ್ ಸೊನ್ನೆಯಲ್ಲೇ ಇರಬೇಕು. ರಾತ್ರಿ ಎಷ್ಟು ಬೇಕಾದರೂ ಇಳಿಸಿಕೊಳ್ಳಲಿ, ಅದು ಕೀಬೋರ್ಡಿನಲ್ಲಿ. ಕಿವಿಯ ಜೊತೆ ಇಡೀ ವಿಡಿಯೋ ಒಟ್ಟಾರೆ ಎಷ್ಟು ಜೋರು ಎಂದು ಅಳೆಯುವ ರಿಸಾಲ್ವ್‌ನ ಲೌಡ್‌ನೆಸ್ ಮೀಟರ್ ನೋಡುವ ಅಭ್ಯಾಸವನ್ನೂ ಮಾಡಿಸಿದೆ. ಯುರೋಪಿನ ಟಿವಿ ವಾಹಿನಿಗಳಿಗೆ ಇಬಿಯು ಎಂಬ ಒಕ್ಕೂಟ 2010ರಲ್ಲಿ ಇಂಥ ಮೀಟರಿನ ಅಳತೆಯಲ್ಲಿ ಮೈನಸ್ 23 ಎಂಬ ಮಟ್ಟ ಗೊತ್ತು ಮಾಡಿತು. ಮದುವೆ ವಿಡಿಯೋಗೆ ಅಂಥ ಕಾನೂನು ಯಾರೂ ಮಾಡಿಲ್ಲ, ಮಾಡುವುದೂ ಬೇಡ. ಒಂದು ಮದುವೆಗೂ ಇನ್ನೊಂದಕ್ಕೂ ಅಂಕಿ ಹತ್ತಿರ ಹತ್ತಿರ ಬಂದರೆ ಸಾಕು. ಆ ಸ್ಪೀಕರ್‌ಗಳಲ್ಲಿ ಡೊಳ್ಳಿನ ಗುಂಯ್ ಎನ್ನುವ ಕೆಳಗಿನ ಸದ್ದು ಬರುವುದೇ ಇಲ್ಲ. ಕೇಳಿಸಲಿಲ್ಲ ಎಂದು ಅವನು ಡೊಳ್ಳನ್ನು ಏರಿಸಿದ್ದ ಫೈಲ್‌ಗಳೂ ಸಿಕ್ಕವು. ಅದಕ್ಕೆ 62 ಅಲ್ಲ, ಹೆಡ್‌ಫೋನ್ ಬೇಕು. ಹೆಡ್‌ಫೋನನ್ನು ಮ್ಯಾಕ್ ಕಿಂಡಿಗೇ ಹಾಕಿಸಿದೆ, ಅಲ್ಲಿ ಯಾವ ಆ್ಯಪ್ ಹಂಗೂ ಇಲ್ಲ.

ಎರಡೂ ಮನೆಗಳಿಗೆ ಫೇಡರ್ ಸರಿಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್ ಕೊಟ್ಟಾಯಿತು. ಹರಿಹರದವರು ಸರಿಯಾಗಿದೆ ಎಂದರು, ಜಗಳೂರಿನವರು ಹಣದಲ್ಲಿ ಸ್ವಲ್ಪ ಕಡಿತ ಮಾಡಿಕೊಂಡರು. ಉಳಿದ ಒಂದು ಕಿರಿಕಿರಿಗೆ ನಮಗೆ ದಾರಿ ಸಿಕ್ಕಿಲ್ಲ. ಕರೆಂಟ್ ಹೋಗಿ ಬಂದಾಗ ಮಾನಿಟರ್ ಹಳೆಯ ಮಟ್ಟವನ್ನು ಮರೆತು 50ಕ್ಕೆ ಬಂದು ನಿಲ್ಲುತ್ತದೆ. ಕಂಪ್ಯೂಟರ್‌ಗಳು ಯುಪಿಎಸ್ ಮೇಲಿವೆ, ಮಾನಿಟರ್ ಇಲ್ಲ. ಆಗ ತೆರೆಯ ಮೇಲಿನ ಪಟ್ಟಿ 5 ಎಂದು ತೋರಿಸುತ್ತಿರುತ್ತದೆ, ಸ್ಪೀಕರ್ 50ರಲ್ಲಿ ಇರುತ್ತದೆ. ಕೀಯನ್ನು ಒಮ್ಮೆ ಏರಿಸಿ ಇಳಿಸಿದರೆ ಎರಡೂ ಮತ್ತೆ ಹೊಂದುತ್ತವೆ. ಮಾನಿಟರ್‌ನ್ನೂ ಯುಪಿಎಸ್‌ಗೆ ಹಾಕು ಎಂದಿದ್ದೇನೆ. ಅದಕ್ಕೆ ದೊಡ್ಡ ಯುಪಿಎಸ್ ಬೇಕು, ಸೀಸನ್ ಮುಗಿಯಲಿ ಅನ್ನುತ್ತಿದ್ದಾನೆ.